ನಿಲ್ಲೋ ಗಡಿಬಿಡಿ, ನಿಲ್ಲು!

ನನ್ನ ಆಫೀಸ್ ಮೇಜಿನ ಮೇಲೆ ಚನ್ನಪಟ್ಟಣದ ಒಂದು ಪುಟ್ಟ ಮರದ ಕುದುರೆ ಇದೆ. ಕೆಂಪು, ಹಳದಿ ಅರಗಿನ ಬಣ್ಣ. ಮೂರು ವರ್ಷದಿಂದ ಇಟ್ಟಲ್ಲೇ ನಿಂತಿದೆ, ಒಂದಿಂಚೂ ಕದಲಿಲ್ಲ. ಆದರೆ ಶನಿವಾರ, ಭಾನುವಾರ ನಾನು ಹತ್ತುವ ಕುದುರೆ ಮೂರು ಸೆಕೆಂಡ್ ಕೂಡ ನಿಲ್ಲುತ್ತಿರಲಿಲ್ಲ.

ಅವನಿಗೆ ಲಾಯದ ಹುಡುಗರು ಇಟ್ಟ ಹೆಸರು ‘ಗಡಿಬಿಡಿ’. ನಾಲ್ಕು ವರ್ಷದ ಕಂದು ಥರೋಬ್ರೆಡ್. ರೇಸಿಗೆ ಅಂತ ಪಳಗಿಸಿ, ವೇಗ ಸಾಲದು ಅಂತ ಕೈಬಿಟ್ಟ ಮೇಲೆ ಕನಕಪುರ ಕಡೆಯ ಒಂದು ಸಣ್ಣ ಸವಾರಿ ಶಾಲೆಗೆ ಬಂದವನು. ನಡಿ ಅಂದ್ರೆ ಓಡ್ತಾನೆ, ಓಡು ಅಂದ್ರೆ ಹಾರ್ತಾನೆ. ನಿಲ್ಲು ಅಂದ್ರೆ ಮಾತ್ರ ತಲೆ ಕೊಡವಿ, ಗೊರಸಿನಿಂದ ನೆಲ ಕೆರೆದು, ಸುತ್ತಾ ಗಿರಗಿರ ತಿರುಗ್ತಾನೆ.

ರಾಮನಗರ ಅಂದ ಕೂಡಲೇ ನಮಗೆ ನೆನಪಾಗೋದು ‘ಶೋಲೆ’. 1975ರಲ್ಲಿ ಬಂದ ಆ ಸಿನಿಮಾದಲ್ಲಿ ಇಲ್ಲಿನ ಬಂಡೆಗಳ ಮಧ್ಯೆ ಓಡಿದ ಕುದುರೆಗಳು ಎಲ್ಲರಿಗೂ ನೆನಪಿವೆ. ನಿಂತ ಕುದುರೆ ಯಾರಿಗೂ ನೆನಪಿಲ್ಲ. ಕುದುರೆ ಅಂದ್ರೆ ಓಟ ಅಂತಲೇ ನಾನೂ ತಿಳಿದಿದ್ದೆ, ಬೀಳೋವರೆಗೂ.

ಬಿದ್ದಿದ್ದು ಹೀಗೆ

ಕಳೆದ ವರ್ಷ ಮಳೆಗಾಲದ ಒಂದು ಬೆಳಿಗ್ಗೆ. ಹಳ್ಳಿ ರಸ್ತೆ ದಾಟಬೇಕಿತ್ತು. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತ ಟೆಂಪೊ ಒಂದು ಬರುತ್ತಿತ್ತು. ಅದು ಹೋಗೋವರೆಗೂ ನಿಂತರೆ ಸಾಕಿತ್ತು. ಗಡಿಬಿಡಿ ಮುಂದಕ್ಕೆ ನುಗ್ಗಿದ. ನಾನು ಲಗಾಮು ಎಳೆದೆ. ಅವನು ಇನ್ನಷ್ಟು ಒದ್ದಾಡಿದ, ನಾನು ಇನ್ನಷ್ಟು ಬಿಗಿದೆ. ಮುಂಗಾಲು ಎರಡೂ ಮೇಲೆದ್ದವು. ಮುಂದೆ ನನಗೆ ನೆನಪಿರೋದು ರಸ್ತೆ ಬದಿಯ ಚರಂಡಿ, ಕೆಸರು, ಮತ್ತೆ ಎಡಗೈ ಮಣಿಕಟ್ಟಿನ ನೋವು.

ಆರು ವಾರ ಪಟ್ಟಿ. ‘ಇನ್ನು ಆ ಕುದುರೆ ಸಹವಾಸ ಬೇಡ’ ಅಂದರು ಅಮ್ಮ. ಅದಕ್ಕಿಂತ ಬೇಜಾರಾಗಿದ್ದು ಶಾಲೆಯ ಮಾಲೀಕರ ಮಾತು. “ನಿಲ್ಲದ ಕುದುರೆ ಮೇಲೆ ಮಕ್ಕಳನ್ನ ಕೂರಿಸೋಕಾಗಲ್ಲ. ದೀಪಾವಳಿ ಹೊತ್ತಿಗೆ ಮಾರಿಬಿಡ್ತೀನಿ.” ಯಾರ ಮಾತೂ ಕೇಳದ ಕುದುರೆಯನ್ನ ಯಾರು ಕೊಳ್ತಾರೆ, ಅದರ ಪಾಡು ಮುಂದೆ ಏನಾಗುತ್ತೆ ಅಂತ ಲಾಯದವರಿಗೆಲ್ಲ ಗೊತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಆಗ ಬಾಯಿ ಹಾಕಿದ್ದು ನಮ್ಮ ಮಾಸ್ಟ್ರು. ಮೈಸೂರಿನ ಅಶ್ವಾರೋಹಿ ಪೊಲೀಸ್ ಪಡೆಯಲ್ಲಿ ದುಡಿದು ನಿವೃತ್ತರಾದವರು. “ಎರಡು ತಿಂಗಳು ಕೊಡಿ ಸಾರ್” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಕೈ ವಾಸಿಯಾದ ಮೇಲೆ ಬಾಮ್ಮ. ಅವನಿಗೆ ಒಬ್ಬನಿಗೇ ಕಲಿಸಿದರೆ ಸಾಲದು” ಅಂದರು.

ತಾಳ್ಮೆ ಇಲ್ಲ ಅಂತಲ್ಲ, ಕಲಿಸಿಲ್ಲ

ಕುದುರೆಗೆ ನಿಲ್ಲೋದು ಕಷ್ಟದ ಕೆಲಸವೇ ಅಲ್ಲ. ಅದರ ಹಿಂಗಾಲಿನ ಕೀಲು ಬೀಗ ಹಾಕಿದಂತೆ ಕಚ್ಚಿಕೊಳ್ಳುತ್ತೆ. ಹಾಗಾಗಿ ನಿಂತಲ್ಲೇ ತೂಕಡಿಸಬಲ್ಲದು. ತೊಂದರೆ ಇರೋದು ತಲೆಯಲ್ಲಿ. ಅದು ಬೇಟೆಗೆ ಸಿಗುವ ಪ್ರಾಣಿ. ಅಪಾಯ ಕಂಡರೆ ಓಟವೇ ಅದರ ರಕ್ಷಣೆ. ಬಾಯಲ್ಲಿ ಕಡಿವಾಣ ಬಿಗಿದು, ಓಡೋ ದಾರಿ ಮುಚ್ಚಿದರೆ ಅದಕ್ಕೆ ಅನಿಸೋದು ‘ಸಿಕ್ಕಿಬಿದ್ದೆ’ ಅಂತ. ನಾನು ನಿಲ್ಲಿಸೋಕೆ ಅಂತ ಎಳೆದ ಲಗಾಮೇ ಅವನನ್ನ ಕುಣಿಸುತ್ತಿತ್ತು.

ಇನ್ನೊಂದು ಕಾರಣ ಅವನ ಹಳೇ ಪಾಠ. ನಮ್ಮ ಮಾಗಡಿ ತಾಲ್ಲೂಕಿಗೆ ಹೊಂದಿಕೊಂಡೇ ಕುಣಿಗಲ್ ಇದೆ. ಟಿಪ್ಪು ಕಾಲದಲ್ಲಿ ಸೈನ್ಯದ ಕುದುರೆಗಳಿಗಾಗಿ ಬೆಳೆದ ಅಲ್ಲಿನ ಸ್ಟಡ್ ಫಾರ್ಮ್ ಆಮೇಲೆ ರೇಸ್ ಕುದುರೆಗಳಿಗೆ ಹೆಸರಾಯಿತು. ಹಾಗಾಗಿ ಈ ಸೀಮೆಗೆ ಥರೋಬ್ರೆಡ್ ಹೊಸದಲ್ಲ. ರೇಸ್ ಕುದುರೆಗೆ ಜಾಕಿ ಹತ್ತೋದು ನೋಡಿದ್ದೀರಾ? ಒಬ್ಬರು ಕಾಲು ಹಿಡಿದು ಮೇಲಕ್ಕೆತ್ತುತ್ತಾರೆ, ಎಷ್ಟೋ ಸಲ ಕುದುರೆ ನಡೀತಾನೇ ಇರುತ್ತೆ. ಬೆನ್ನ ಮೇಲೆ ಭಾರ ಬಿತ್ತು ಅಂದ್ರೆ ಹೊರಡು ಅಂತ ಅರ್ಥ. ಗಡಿಬಿಡಿ ಕಲಿತಿದ್ದೂ ಅದನ್ನೇ. ಅವನು ಮೊಂಡನಲ್ಲ. ಹೇಳಿಕೊಟ್ಟಿದ್ದನ್ನ ಚೆನ್ನಾಗಿ ಕಲಿತವನು.

ಮೊದಲು ನೋವು ನೋಡಿ

ಮಾಸ್ಟ್ರು ಪಾಠ ಶುರು ಮಾಡೋ ಮುಂಚೆ ಪಶುವೈದ್ಯರನ್ನ ಕರೆಸಿದರು. ಬೆನ್ನು, ಹಲ್ಲು, ಕಾಲು ಎಲ್ಲ ನೋಡಿದ್ದಾಯ್ತು. ಒಳದವಡೆಯ ಒಂದು ಹಲ್ಲು ಚೂಪಾಗಿ ಕೆನ್ನೆಗೆ ಚುಚ್ಚುತ್ತಿತ್ತು. ಅದನ್ನ ಉಜ್ಜಿ ಸರಿ ಮಾಡಿದರು. ಜೀನು ಹೆಗಲ ಮೂಳೆಗೆ ಒತ್ತುತ್ತಿತ್ತು, ಬೇರೆ ಹಾಕಿದರು. ನೋವಿರುವ ಕುದುರೆ ನಿಲ್ಲಲ್ಲ. ಅದಕ್ಕೆ ಬುದ್ಧಿ ಕಲಿಸ್ತೀನಿ ಅನ್ನೋದು ಅನ್ಯಾಯ.

ಮೇವೂ ಬದಲಾಯಿತು. ದಿನವೆಲ್ಲ ಲಾಯದಲ್ಲಿ ಕಟ್ಟಿ, ಎರಡು ಹೊತ್ತು ಧಾನ್ಯ ಸುರಿದರೆ ಮೈಯಲ್ಲಿ ತುಂಬಿದ ಕಸುವು ಹೋಗೋದೆಲ್ಲಿಗೆ? ಬೇಯಿಸಿದ ಹುರುಳಿ ಕಡಿಮೆ ಮಾಡಿ ಒಣಹುಲ್ಲು ಹೆಚ್ಚಿಸಿದರು. ಬೆಳಿಗ್ಗೆ ಬಯಲಲ್ಲಿ ಬಿಡತೊಡಗಿದರು.

ಮೂರು ಸೆಕೆಂಡಿನ ಪಾಠ

ಮೊದಲ ಎರಡು ವಾರ ನೆಲದ ಮೇಲೇ. ಹಗ್ಗ ಹಿಡಿದು ನಿಲ್ಲಿಸೋದು. ಒಂದು ಹೆಜ್ಜೆ ಇಟ್ಟರೆ ಬೈಯದೆ ಮತ್ತೆ ಅದೇ ಜಾಗಕ್ಕೆ ತಂದು ನಿಲ್ಲಿಸೋದು. ನೋಡೋಕೆ ಏನೂ ಇಲ್ಲದ ಕೆಲಸ. ಒಂದೇ ಬೆಳಿಗ್ಗೆ ಮೂವತ್ತು ಸಲ ಮಾಡಿದ್ದುಂಟು.

ಆಮೇಲೆ ಹತ್ತೋದು. ಕಟ್ಟೆ ಪಕ್ಕ ನಿಲ್ಲಿಸಿ ರಿಕಾಪಿಗೆ ಕಾಲಿಡೋದು. ಕದಲಿದರೆ ಕಾಲು ತೆಗೆದು ಮತ್ತೆ ಮೊದಲಿಂದ. ಹತ್ತಿದ ಮೇಲೂ ಹೊರಡುವಂತಿಲ್ಲ. ಮೂರು ಉಸಿರು ಎಣಿಸಿ, ನಾನು ಹೇಳಿದ ಮೇಲೇ ಮೊದಲ ಹೆಜ್ಜೆ.

ಸವಾರಿಯಲ್ಲಿ ನಿಲ್ಲಿಸೋ ವಿಧಾನ ಇನ್ನೂ ಸ್ವಾರಸ್ಯ. ಮೊದಲು ಚೆನ್ನಾಗಿ ಕೆಲಸ ಕೊಡ್ತೀವಿ: ದೊಡ್ಡ ಸುತ್ತು, ಚಿಕ್ಕ ಸುತ್ತು, ನಡಿಗೆ, ದುಡುಕಿ ಓಟ. ಅವನಿಗೇ ಸಾಕು ಅನಿಸೋ ಹೊತ್ತಿಗೆ ನಾನು ಬೆನ್ನು ನೆಟ್ಟಗೆ ಮಾಡಿ, ಆಳವಾಗಿ ಕೂತು, ಉಸಿರು ಬಿಟ್ಟು, ಬೆರಳು ಮುಚ್ಚಬೇಕು. ಅವನು ನಿಂತ ಆ ಕ್ಷಣವೇ ಬೆರಳು ಸಡಿಲ. ತಡ ಮಾಡಿದರೆ ಪಾಠ ಕೆಟ್ಟ ಹಾಗೆ. ಒತ್ತಡ ಯಾವಾಗ ಬಿಟ್ಟಿತೋ ಆಗ ಮಾಡಿದ್ದೇ ಸರಿ ಅಂತ ಕುದುರೆ ಕಲಿಯೋದು.

ಮೂರು ಸೆಕೆಂಡ್ ನಿಂತನಾ? ಅವನು ಹೊರಡೋ ಮುಂಚೆ ನಾವೇ ನಡೆಸಬೇಕು. ನಾಳೆ ಐದು, ಆಮೇಲೆ ಹತ್ತು. ನಡುವೆ ತಾನಾಗಿ ಹೊರಟರೆ ಹೊಡೆತವಿಲ್ಲ, ಜಗ್ಗಾಟವಿಲ್ಲ. ಒಂದು ಸಣ್ಣ ಸುತ್ತು ಹಾಕಿಸಿ ಮತ್ತೆ ಅಲ್ಲಿಗೇ. ಕದಲಿದರೆ ಕೆಲಸ, ನಿಂತರೆ ಆರಾಮ. ಲೆಕ್ಕ ಅವನಿಗೇ ಅರ್ಥವಾಗುತ್ತೆ. ಚೆನ್ನಾಗಿ ನಿಂತಾಗ ಹೆಗಲ ಮೇಲೆ, ಜೂಲು ಮುಗಿಯೋ ಜಾಗದಲ್ಲಿ ಮೆಲ್ಲಗೆ ಕೆರೆಯಬೇಕು. ಕುದುರೆಗಳು ಪರಸ್ಪರ ಕೆರೆದುಕೊಳ್ಳೋದೂ ಅಲ್ಲೇ. ದಿನದ ಕೊನೆಗೆ ಅವನು ನಿಂತ ಜಾಗದಲ್ಲೇ ಇಳಿದು ಜೀನು ಸಡಿಲಿಸಬೇಕು. ಅದಕ್ಕಿಂತ ದೊಡ್ಡ ಬಹುಮಾನ ಅವನಿಗಿಲ್ಲ.

ನಿಲ್ಲದವರು ಯಾರು?

ಐದನೇ ವಾರ ಗಡಿಬಿಡಿ ಅರ್ಧ ನಿಮಿಷ ನಿಂತ. ಖುಷಿಗೆ ನಾನು ಜೇಬಿನಿಂದ ಫೋನ್ ತೆಗೆದೆ, ಒಂದು ಫೋಟೊಗೆ. ಅವನು ಹೊರಟೇಬಿಟ್ಟ.

“ಅವನು ನಿಂತಿದ್ದ ಕಣಮ್ಮ. ನೀನು ನಿಂತಿರಲಿಲ್ಲ” ಅಂದರು ಮಾಸ್ಟ್ರು.

ನಾಚಿಕೆ ಆಯ್ತು. ಸಿಗ್ನಲ್‌ನಲ್ಲಿ, ಲಿಫ್ಟ್‌ನಲ್ಲಿ, ಮೀಟಿಂಗ್ ಮಧ್ಯೆ, ಎಲ್ಲೂ ಅರ್ಧ ನಿಮಿಷ ಸುಮ್ಮನಿರದ ನಾನು ಕುದುರೆಗೆ ತಾಳ್ಮೆ ಇಲ್ಲ ಅಂತಿದ್ದೆ! ನಾನು ಸ್ವಲ್ಪ ವಾಲಿದರೂ, ತೊಡೆ ಬಿಗಿದರೂ ಅವನಿಗೆ ಅದು ಒಂದು ಸೂಚನೆ. ಸ್ವೀಡನ್ನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಹೇಳುತ್ತೆ. ಕುದುರೆ ನಡೆಸುವವರಿಗೆ, ಸವಾರರಿಗೆ ಒಂದೇ ದಾರಿಯಲ್ಲಿ ನಾಲ್ಕು ಸಲ ಹೋಗಲು ಹೇಳಿದರು. ನಾಲ್ಕನೇ ಸಲ ‘ಕುದುರೆ ಪಕ್ಕದಲ್ಲೇ ಛತ್ರಿ ಬಿಚ್ಚುತ್ತೇವೆ’ ಅಂದರು. ಯಾರೂ ಛತ್ರಿ ಬಿಚ್ಚಲಿಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಜೊತೆಗೇ ಕುದುರೆಗಳದ್ದೂ! ಅಂದು ಟೆಂಪೊ ನೋಡಿ ಮೊದಲು ಹೆದರಿದ್ದು ಅವನೋ ನಾನೋ?

ಮತ್ತೆ ಅದೇ ರಸ್ತೆ

ಮೈಸೂರು ದಸರೆಯ ಜಂಬೂ ಸವಾರಿ ದಿನ 21 ಕುಶಾಲತೋಪು ಹಾರಿಸ್ತಾರೆ. ಆ ಸದ್ದಿಗೆ ಬೆದರದಿರಲಿ ಅಂತ ಮುಂಚೆಯೇ ಆನೆಗಳ ಜೊತೆ ಕುದುರೆಗಳನ್ನೂ ಸಾಲಾಗಿ ನಿಲ್ಲಿಸಿ ತಾಲೀಮು ಕೊಡ್ತಾರೆ. “ಹೊಸ ಕುದುರೆನ ಹಳೇ ಕುದುರೆ ಪಕ್ಕ ನಿಲ್ಲಿಸು. ಅರ್ಧ ಪಾಠ ಅದೇ ಹೇಳ್ಕೊಡುತ್ತೆ” ಅನ್ನೋದು ಮಾಸ್ಟ್ರ ಅನುಭವ. ಹಾಗೇ ನಮ್ಮ ಲಾಯದ ಹದಿನೆಂಟು ವರ್ಷದ ಹೆಣ್ಣು ಕುದುರೆಯನ್ನ ಜೊತೆ ಮಾಡಿಕೊಂಡು, ಮೊದಲು ಅಂಗಳ, ಆಮೇಲೆ ಗೇಟು, ಕೊನೆಗೆ ರಸ್ತೆ.

ದೀಪಾವಳಿಗೆ ಹತ್ತು ದಿನ ಇತ್ತು. ಬಸ್ ಬಂತು. ನಾನು ಉಸಿರು ಬಿಟ್ಟೆ, ಬೆರಳು ಮುಚ್ಚಿದೆ, ತೆರೆದೆ. ಗಡಿಬಿಡಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದ. ಕಿವಿ ಬಸ್ಸಿನ ಕಡೆ ಹೋಯ್ತು, ನನ್ನ ಕಡೆ ಬಂತು. ನಿಂತ. ಬಸ್ ಹೋಯ್ತು, ಧೂಳು ಹೋಯ್ತು, ಅವನು ನಿಂತೇ ಇದ್ದ. ನನ್ನ ಕಣ್ಣು ಮಂಜಾಯಿತು. ಫೋಟೊ ಇಲ್ಲ, ಕ್ಷಮಿಸಿ.

ಮಾಲೀಕರು ಮಾರೋ ಮಾತನ್ನ ಬೇಸಿಗೆವರೆಗೂ ಮುಂದೂಡಿದ್ದಾರೆ. ಮಕ್ಕಳನ್ನ ಅವನ ಮೇಲೆ ಇನ್ನೂ ಕೂರಿಸಿಲ್ಲ, ಕೂರಿಸೋಕೆ ಅವಸರವೂ ಇಲ್ಲ.

ನೀವೂ ಕಲಿಸುತ್ತಿದ್ದರೆ

- ಹೆಲ್ಮೆಟ್ ಇಲ್ಲದೆ, ಅನುಭವಿಗಳು ಜೊತೆಗಿಲ್ಲದೆ ಎಳೇ ಕುದುರೆ ಹತ್ತಬೇಡಿ.
- ಇದ್ದಕ್ಕಿದ್ದಂತೆ ನಿಲ್ಲೋದು ಬಿಟ್ಟಿದ್ದರೆ ಮೊದಲು ವೈದ್ಯರಿಗೆ ತೋರಿಸಿ.
- ಪಾಠ ಹತ್ತು ಹದಿನೈದು ನಿಮಿಷ ಸಾಕು. ಚೆನ್ನಾಗಿ ನಿಂತಾಗಲೇ ಮುಗಿಸಿ.
- ನಿಮಗೆ ಸಿಟ್ಟು ಬಂದ ದಿನ ಪಾಠಕ್ಕೆ ರಜೆ.

ಕುದುರೆಯೋ, ಕರುವೋ, ನಾಯಿಮರಿಯೋ, ನಿಮಗೆ ತಾಳ್ಮೆ ಕಲಿಸಿದ ಪ್ರಾಣಿ ಯಾವುದು? ನಮ್ಮ ಓದುಗರ ಅಂಕಣಕ್ಕೆ ಬರೆದು ಕಳಿಸಿ.