ಬೀದರ್ ಕೋಟೆಯ ತೋಪಿಗೂ 25 ಪೌಂಡರ್‌ಗೂ ಏನು ಫರಕ್?

ಜನವಾಡ: ಸೆಪ್ಟೆಂಬರ್ 17 ಬಂತೆಂದರೆ ಈ ಭಾಗದ ಹಿರಿಯರು ‘ಪೊಲೀಸ್ ಆಕ್ಷನ್’ ಮಾತು ತೆಗೆಯುತ್ತಾರೆ. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಹೈದರಾಬಾದ್ ಸಂಸ್ಥಾನದ ಗಡಿ ದಾಟಿತು. 17ರ ಬೆಳಗಿನ ಜಾವ ಬೀದರ್ ಸೇರಿತು. ಅದೇ ದಿನ ನಿಜಾಮರು ಕದನ ವಿರಾಮ ಘೋಷಿಸಿದರು. ಎಲ್ಲ ಸೇರಿ ಐದೇ ದಿನ.

ಇದೇ ಬೀದರ್ ಕೋಟೆ 1657ರಲ್ಲಿ ಔರಂಗಜೇಬನ ಸೈನ್ಯವನ್ನು 27 ದಿನ ತಡೆದು ನಿಲ್ಲಿಸಿತ್ತು. ಮದ್ದಿನ ರಾಶಿಗೆ ಕಿಡಿ ಬಿದ್ದು ಸ್ಫೋಟವಾಗಿ ಕಿಲ್ಲೇದಾರ ಸಿದ್ದಿ ಮರ್ಜಾನ್ ತೀವ್ರವಾಗಿ ಸುಟ್ಟುಕೊಂಡ ಮೇಲಷ್ಟೇ ಕೋಟೆ ಕೈಬಿಟ್ಟಿತು. ಆಗ ಮೊಘಲರಿಗೆ ಸಿಕ್ಕ ತೋಪುಗಳು 230.

ಹಾಗಾದರೆ 1948ರಲ್ಲಿ ಕೋಟೆ ಯಾಕೆ ಲೆಕ್ಕಕ್ಕೆ ಬರಲಿಲ್ಲ? ಟ್ಯಾಂಕ್, ವಿಮಾನ ಬಂದಿದ್ದವು. ತೋಪೂ ಪೂರ್ತಿ ಬದಲಾಗಿತ್ತು.

ಬುರುಜಿನ ಮೇಲಿನ ಹಳೆ ತೋಪುಗಳನ್ನು ಕಬ್ಬಿಣದ ಪಟ್ಟಿ ಜೋಡಿಸಿ, ಬಳೆ ಬಿಗಿದು ಮಾಡಿದ್ದಾರೆ. ಮದ್ದು, ಗುಂಡು ಎರಡನ್ನೂ ಬಾಯಿಂದಲೇ ತುಂಬಬೇಕು. ಬುರುಜು ಬಿಟ್ಟು ಬೇರೆ ಕಡೆ ಒಯ್ಯುವುದು ಸುಲಭವಲ್ಲ.

ಆ ಕಾಲಕ್ಕೆ ಭಾರತೀಯ ಸೇನೆಯ ಮುಖ್ಯ ಫೀಲ್ಡ್ ತೋಪು 25 ಪೌಂಡರ್. ಬ್ರಿಟಿಷರು 1930ರ ದಶಕದಲ್ಲಿ, ಎರಡು ಮಹಾಯುದ್ಧಗಳ ನಡುವೆ ರೂಪಿಸಿದ್ದು. 25 ಪೌಂಡ್, ಅಂದರೆ ಸುಮಾರು 11 ಕೆ.ಜಿ. ಗುಂಡು ಹಾರಿಸುತ್ತದೆ, ಹೆಸರು ಬಂದದ್ದೂ ಅದರಿಂದಲೇ. ನಳಿಗೆಯ ಬಾಯಿ 87.6 ಮಿ.ಮೀ., ದೂರ ಸುಮಾರು 12 ಕಿ.ಮೀ. ಬೀದರ್ ಕೋಟೆ ಹತ್ತಿರ ಇಟ್ಟರೆ ಗುಂಡು ಜನವಾಡದ ಆಸುಪಾಸಿಗೆ ಬಂದು ಬಿದ್ದೀತು!

ಗಾಡಿಗೆ ಕಟ್ಟಿ ಎಳೆದೊಯ್ಯಬಹುದು, ನಡೆಸಲು ಆರು ಮಂದಿ ಸಾಕು. ಕೆಳಗೆ ದುಂಡನೆಯ ಚಕ್ರದಂಥ ಪೀಠ ಇರುವುದರಿಂದ ಯಾವ ದಿಕ್ಕಿಗಾದರೂ ಬೇಗ ತಿರುಗುತ್ತದೆ. ಗುಂಡು ಹಾರಿದಾಗ ನಳಿಗೆ ಮಾತ್ರ ಹಿಂದೆ ಸರಿದು ಮತ್ತೆ ಮುಂದೆ ಬರುತ್ತದೆ. ಹಾಗಾಗಿ ಪ್ರತಿ ಸಲ ಹೊಸದಾಗಿ ಗುರಿ ಕೂಡಿಸುವ ಕೆಲಸ ಇಲ್ಲ. ಕೋಟೆ ತೋಪು ಶತ್ರು ಬರುವ ತನಕ ಕಾಯಬೇಕಿತ್ತು. ಇದು ಶತ್ರು ಇದ್ದಲ್ಲಿಗೇ ಹೋಗುತ್ತಿತ್ತು.

1965 ಮತ್ತು 1971ರ ಯುದ್ಧಗಳಲ್ಲೂ ಇದು ಕೆಲಸ ಮಾಡಿತು. ದೆಹಲಿಯ ಗಣರಾಜ್ಯೋತ್ಸವದಲ್ಲಿ ಟಿ.ವಿ.ಯಲ್ಲಿ ಕೇಳಿಸುತ್ತಿದ್ದ 21 ತೋಪಿನ ಸದ್ದು ಇದರದ್ದೇ. 2023ರಿಂದ ಆ ಜಾಗಕ್ಕೆ ದೇಶದಲ್ಲೇ ತಯಾರಾದ 105 ಮಿ.ಮೀ. ತೋಪು ಬಂದಿದೆ.

ಬೀದರ್ ಕೋಟೆಯ ತೋಪುಗಳು ಮಾತ್ರ ಇನ್ನೂ ಬುರುಜಿನ ಮೇಲೇ ಇವೆ. ಬೀಗರು, ನೆಂಟರನ್ನು ಕರೆದುಕೊಂಡು ಹೋದಾಗ ಮಕ್ಕಳನ್ನು ಅವುಗಳ ಮೇಲೆ ಹತ್ತಿಸಬೇಡಿ, ಹೆಸರು ಗೀಚಬೇಡಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು.