ಕಡತದ ಒಡೆಯನಿಗೂ ಮೇಲೊಂದು ನಿಯಮ: ಲಿನಕ್ಸ್‌ನಲ್ಲಿ ಕಡ್ಡಾಯ ಪ್ರವೇಶ ನಿಯಂತ್ರಣ

ಆಪರೇಟಿಂಗ್ ಸಿಸ್ಟಂ ಒಂದು ಕಡತವನ್ನು ಯಾರಿಗೆ ತೆರೆದುಕೊಡುತ್ತದೆ, ಯಾರಿಗೆ ಕೊಡುವುದಿಲ್ಲ ಎಂಬುದು ಇವತ್ತಿನ ನನ್ನ ವಿಷಯ. ಲ್ಯಾಬಿನಲ್ಲಿ ಸರ್ವರ್ ಹಾಕುವಾಗ ಏನಾದರೂ ತೊಡಕು ಬಂದರೆ "ಎಸ್‌ಇಲಿನಕ್ಸ್ ಆಫ್ ಮಾಡಿಬಿಡಿ" ಅಂತ ಯಾರಾದರೂ ಹೇಳ್ತಾರೆ. ಆ ಸಲಹೆಯಿಂದ ನಾವು ಏನು ಕಳೆದುಕೊಳ್ಳುತ್ತೇವೆ ಅನ್ನೋದನ್ನ ವಿವರಿಸುತ್ತೇನೆ.

ಯುನಿಕ್ಸ್‌ನಿಂದ ಬಂದ ಪದ್ಧತಿಯಲ್ಲಿ ಪ್ರತಿ ಕಡತಕ್ಕೂ ಒಬ್ಬ ಒಡೆಯ. ಯಾರು ಓದಬೇಕು, ಯಾರು ಬರೆಯಬೇಕು ಎಂಬುದು ಅವನ ಇಷ್ಟ. ಇದರಲ್ಲಿ ಎರಡು ತೊಂದರೆಗಳಿವೆ. ಒಡೆಯ ನಡೆಸುವ ಪ್ರತಿಯೊಂದು ಪ್ರೋಗ್ರಾಂಗೂ ಅವನ ಅಧಿಕಾರವೆಲ್ಲ ಸಿಕ್ಕಿಬಿಡುತ್ತೆ. ರೂಟ್ ಬಳಕೆದಾರನಿಗಂತೂ ಈ ತಡೆಗಳು ಲೆಕ್ಕಕ್ಕೇ ಇಲ್ಲ.

ಕಡ್ಡಾಯ ನಿಯಂತ್ರಣದಲ್ಲಿ ನಿಯಮಗಳನ್ನು ಜಾರಿ ಮಾಡುವುದು ಕರ್ನಲ್. ಕಡತದ ಒಡೆಯ ಅವನ್ನು ಸಡಿಲಿಸಲಾರ. ನಮ್ಮ ಮೆಟ್ಟೂರು ನಾಲೆಯನ್ನೇ ನೋಡಿ. ತನ್ನ ಹೊಲದ ಮಡೆಯನ್ನು ರೈತ ತಾನೇ ತೆಗೆಯಬಹುದು. ಅಣೆಕಟ್ಟಿನಿಂದ ನೀರು ಬಿಡುವುದು ಮಾತ್ರ ಸರ್ಕಾರದ ಆದೇಶದ ಮೇಲೆ. ಹೊಲ ನೆನೆಯಬೇಕಾದರೆ ಎರಡೂ ತೆರೆದಿರಬೇಕು. ಲಿನಕ್ಸ್‌ನಲ್ಲೂ ಹಾಗೇನೆ: ಮೊದಲು ಒಡೆಯನ ಅನುಮತಿಯ ಪರೀಕ್ಷೆ, ಅದನ್ನು ದಾಟಿದರೆ ಎಸ್‌ಇಲಿನಕ್ಸ್ ಪರೀಕ್ಷೆ. ಒಂದು ಬೇಡವೆಂದರೂ ಕಡತ ತೆರೆಯದು.

ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಎಸ್‌ಇಲಿನಕ್ಸ್ ಅನ್ನು 2000ದ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿತು; 2003ರಲ್ಲಿ ಅದು ಲಿನಕ್ಸ್ 2.6 ಕರ್ನಲ್‌ನೊಳಗೇ ಸೇರಿತು. ಇದಕ್ಕೆ ಇನ್ನೊಂದು ದಾರಿ ಆಪ್‌ಆರ್ಮರ್. ನಾವೆಲ್ ಕಂಪನಿ 2005ರಲ್ಲಿ ಇಮ್ಯೂನಿಕ್ಸ್ ಅನ್ನು ಕೊಂಡ ಮೇಲೆ ಇದು ಸೂಸೆ ಲಿನಕ್ಸ್‌ಗೆ ಬಂತು. ತಮಿಳುನಾಡು ಸರ್ಕಾರದ ಎಲ್ಕಾಟ್ ಸಂಸ್ಥೆ 2007ರ ಸುಮಾರಿಗೆ ತನ್ನ ಕಂಪ್ಯೂಟರ್‌ಗಳಿಗೆ ಆರಿಸಿಕೊಂಡದ್ದೂ ಸೂಸೆಯನ್ನೇ. ಆಪ್‌ಆರ್ಮರ್ ನೋಡುವುದು ಕಡತ ಇರುವ ಹಾದಿಯನ್ನು; ಎಸ್‌ಇಲಿನಕ್ಸ್ ನೋಡುವುದು ಕಡತದ ಮೇಲಿನ ಚೀಟಿಯನ್ನು, ಅಂದ್ರೆ ಲೇಬಲ್ಲನ್ನು.

ಒಂದು ಉದಾಹರಣೆ ಊಹಿಸಿಕೊಳ್ಳಿ. ಒಂದು ಇ-ಸೇವೈ ಕೇಂದ್ರ. ಅಲ್ಲಿನ ಸರ್ವರಿನಲ್ಲಿ ಅಪಾಚೆ ನಡೆಯುತ್ತಿದೆ. ಜನರ ಪಡಿತರ ಚೀಟಿ, ಜಾತಿ ಪ್ರಮಾಣಪತ್ರಗಳ ಸ್ಕ್ಯಾನ್ ಪ್ರತಿಗಳು ಸಿಬ್ಬಂದಿಯ ಹೋಮ್ ಫೋಲ್ಡರ್‌ನಲ್ಲಿವೆ. ಯಾರೋ ಅವಸರದಲ್ಲಿ ಫೋಲ್ಡರ್‌ಗೆ 777 ಅನುಮತಿ ಕೊಟ್ಟರು. ಅಪಾಚೆಯೊಳಗೆ ನುಗ್ಗಿದ ಕಳ್ಳನಿಗೆ ಹಳೆಯ ಪದ್ಧತಿಯಲ್ಲಿ ಎಲ್ಲವೂ ಸಿಗುತ್ತೆ. ಎಸ್‌ಇಲಿನಕ್ಸ್ ಇದ್ದರೆ ಅಪಾಚೆಯ ಲೇಬಲ್ ಎಚ್‌ಟಿಟಿಪಿಡಿ_ಟಿ, ಆ ಕಡತಗಳದ್ದು ಯೂಸರ್_ಹೋಮ್_ಟಿ. ಇವೆರಡನ್ನು ಸೇರಿಸುವ ನಿಯಮವನ್ನು ಆಡಳಿತಗಾರ ಕೊಟ್ಟಿರದಿದ್ದರೆ ಬಾಗಿಲು ತೆರೆಯದು. ಹೇಳದೆ ಇದ್ದದ್ದೆಲ್ಲ ನಿಷಿದ್ಧ, ಇಷ್ಟೇ ತತ್ವ.

ಇದು ಬರೀ ಸಿದ್ಧಾಂತವಲ್ಲ. 2011ರ ಜಿಂಜರ್‌ಬ್ರೇಕ್ ಎಂಬ ಕನ್ನ ಆಂಡ್ರಾಯ್ಡ್‌ನಲ್ಲಿ ರೂಟ್ ಆಗಿ ನಡೆಯುವ ವೋಲ್ಡ್ ಸೇವೆಯ ದೋಷವನ್ನು ಬಳಸಿ ಇಡೀ ಫೋನನ್ನು ವಶಮಾಡಿಕೊಳ್ಳುತ್ತಿತ್ತು. ಸ್ಟೀಫನ್ ಸ್ಮಾಲಿ, ರಾಬರ್ಟ್ ಕ್ರೇಗ್ 2013ರ ಪ್ರಬಂಧದಲ್ಲಿ, ಎಸ್‌ಇಲಿನಕ್ಸ್ ನಿಯಮಗಳಿದ್ದರೆ ಅದು ಹಲವು ಹಂತಗಳಲ್ಲಿ ಸಿಕ್ಕಿಬೀಳುತ್ತಿತ್ತು ಎಂದು ತೋರಿಸಿದರು. 2014ರ ಆಂಡ್ರಾಯ್ಡ್ 5.0ರಿಂದ ಈ ನಿಯಮಗಳು ಪೂರ್ತಿ ಜಾರಿಯಲ್ಲಿವೆ. ನಮ್ಮ ಜೇಬಿನ ಫೋನಿನಲ್ಲೂ ಅದೇ ಕಾವಲು.

ಹಾಗಾದರೆ ತೊಡಕು ಯಾಕೆ ಬರುತ್ತೆ? ಹೆಚ್ಚಾಗಿ ಲೇಬಲ್ ತಪ್ಪಿರುತ್ತದೆ. ಹೋಮ್ ಫೋಲ್ಡರ್‌ನಿಂದ ವೆಬ್ ಫೋಲ್ಡರ್‌ಗೆ ಕಡತವನ್ನು ಎಂವಿ ಆಜ್ಞೆಯಿಂದ ಸರಿಸಿದರೆ ಹಳೆಯ ಲೇಬಲ್ ಜೊತೆಗೇ ಬರುತ್ತೆ. ಸಿಪಿ ಆಜ್ಞೆಯಿಂದ ಹೊಸದಾಗಿ ನಕಲು ಮಾಡಿದರೆ ಹೊಸ ಜಾಗದ ಲೇಬಲ್ ಸಿಗುತ್ತೆ. ಪುಟ ತೆರೆಯಲಿಲ್ಲವೆಂದರೆ ಮೊದಲು ಆಡಿಟ್ ಲಾಗ್ ನೋಡಿ. ಯಾವ ಲೇಬಲ್ ಯಾವುದನ್ನು ಮುಟ್ಟಲು ಹೋಗಿ ತಡೆಯಿತು ಎಂಬುದು ಅಲ್ಲಿರುತ್ತೆ. ರಿಸ್ಟೋರ್‌ಕಾನ್ ಆಜ್ಞೆ ಸರಿಯಾದ ಲೇಬಲ್ಲನ್ನು ಮತ್ತೆ ಹಚ್ಚುತ್ತದೆ. ಹೊಸ ಸೇವೆಯ ಪರೀಕ್ಷೆಗೆ ಪರ್ಮಿಸಿವ್ ಸ್ಥಿತಿ ಇದೆ: ತಡೆಯುವುದಿಲ್ಲ, ಬರೆದಿಡುತ್ತದೆ. ಪರೀಕ್ಷೆ ಮುಗಿದ ಮೇಲೆ ಎನ್‌ಫೋರ್ಸಿಂಗ್‌ಗೆ ಮರಳಲೇಬೇಕು.

ಇದಕ್ಕೂ ಮಿತಿ ಇದೆ. ಅಪಾಚೆಗೆ ಓದಲು ಬಿಟ್ಟ ಕಡತವನ್ನು ಕಳ್ಳನೂ ಓದಬಲ್ಲ. ಕರ್ನಲ್‌ನಲ್ಲೇ ದೋಷವಿದ್ದರೆ ಕಾವಲುಗಾರನೇ ಬೀಳಬಹುದು. ಆದರೂ ಒಂದು ಪ್ರೋಗ್ರಾಂ ಕೆಟ್ಟರೆ ಇಡೀ ಯಂತ್ರ ಕೆಡದಂತೆ ಹಾನಿಗೆ ಇದು ಬದು ಹಾಕುತ್ತದೆ. ಹತ್ತು ನಿಮಿಷದ ತೊಡಕಿಗಾಗಿ ಆ ಬದುವನ್ನು ಒಡೆಯುವುದು ಬೇಡ ಎಂಬುದು ನನ್ನ ವಿನಂತಿ. ಪ್ರಶ್ನೆಗಳಿದ್ದರೆ ಕೇಳಿ, ಚರ್ಚಿಸೋಣ.