ದ್ವೀಪಯಾತ್ರೆಯ ಸನ್ನಾಹ

ರಜೆ ಬಂದೊಡನೆ ಯಾವುದಾದರೊಂದು ದ್ವೀಪಕ್ಕೆ ಹೋಗಿ ನಾಲ್ಕು ದಿನ ಇದ್ದು ಬರಬೇಕೆಂಬ ಹಂಬಲ ಯುರೋಪಿನವರಿಗೆ ಬಹಳ. ಮೆಡಿಟರೇನಿಯನ್ ಸಮುದ್ರದ ಕ್ರೀಟ್, ಮಾಲ್ಟಾ, ಸಿಸಿಲಿಗಳಿಗೆ ಹೊರಡತಕ್ಕವರ ಉಪಯೋಗಕ್ಕೆಂದೇ ಬರೆದ ಕೈಪಿಡಿಗಳು ಎಷ್ಟೋ ಇವೆ. ಯಾವ ತಿಂಗಳು ಹೋಗಬೇಕು, ಎಂಥ ಟೋಪಿ ಬೇಕು, ಪೆಟ್ಟಿಗೆಯಲ್ಲಿ ಏನಿರಬೇಕು ಎಂಬುದೆಲ್ಲ ಅವುಗಳಲ್ಲಿ ಸಿಕ್ಕುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂಥ ಮಳೆಯಾಶ್ರಯದ ಊರಿನಲ್ಲಿ ಕುಳಿತು ಇಂಥದನ್ನು ಓದುವವನಿಗೆ ನಗು ಬಂದರೆ ತಪ್ಪಲ್ಲ. ನಾಲ್ಕು ದಿಕ್ಕಿಗೂ ಹೊಲ, ಆಚೆ ಕಾಡು, ಅದರಾಚೆ ಬೆಟ್ಟ. ಇಲ್ಲಿ ದ್ವೀಪವೆಲ್ಲಿ ಬರಬೇಕು?

ಆದರೆ ದ್ವೀಪವೊಂದು ನಮ್ಮ ಜಿಲ್ಲೆಯಲ್ಲಿಯೇ ಇದೆ. ಕಾವೇರಿ ಎರಡು ಕವಲಾಗಿ ಒಡೆದು, ಪಶ್ಚಿಮದ ಕವಲು ಗಗನಚುಕ್ಕಿಯಾಗಿಯೂ ಪೂರ್ವದ ಕವಲು ಭರಚುಕ್ಕಿಯಾಗಿಯೂ ಧುಮುಕಿ, ಮತ್ತೆ ಕೂಡಿಕೊಳ್ಳುವ ನಡುವೆ ಉಳಿದ ನೆಲವೇ ಶಿವನಸಮುದ್ರ. ಶ್ರೀರಂಗಪಟ್ಟಣ ಆದಿರಂಗ, ಶ್ರೀರಂಗ ಅಂತ್ಯರಂಗ, ಇದು ಮಧ್ಯರಂಗ. ಮೂರೂ ಕಾವೇರಿಯ ದ್ವೀಪಗಳೇ. ನಮ್ಮ ಗುಂಡ್ಲುಹೊಳೆಗೂ ಅದಕ್ಕೂ ನಂಟುಂಟು. ಪುರಾಣದ ಹೆಸರಿನಿಂದ ಕೌಂಡಿನ್ಯೆಯೆನಿಸಿದ ಈ ಬಡ ಹೊಳೆ ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುತ್ತದೆ. ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಭೀಮನಬೀಡಿನವನು ಶಿವನಸಮುದ್ರಕ್ಕೆ ಹೊರಟರೆ ತನ್ನ ತಾಲ್ಲೂಕಿನ ನೀರು ಹೋದ ಕಡೆಗೇ ಹೊರಟನೆಂದಾಯಿತು.

ಈ ಯಾತ್ರೆಗೆ ಸನ್ನಾಹವೆಂದರೆ ಮುಖ್ಯವಾಗಿ ಒಂದೇ: ತಿಂಗಳನ್ನು ಆರಿಸುವುದು. ಮಿಕ್ಕ ತಪ್ಪುಗಳನ್ನು ಅಲ್ಲಿಗೆ ಹೋದ ಮೇಲೂ ತಿದ್ದಿಕೊಳ್ಳಬಹುದು, ಇದನ್ನು ತಿದ್ದಿಕೊಳ್ಳಲಾಗದು. ನಾನು ಇದನ್ನು ಕಲಿತದ್ದು ಸುಲಭವಾಗಿ ಅಲ್ಲ.

ನಮ್ಮ ಮನೆಯಲ್ಲಿ ಹಿರಿಯಾಕೆಯೊಬ್ಬರಿದ್ದರು. ತುಂಬಿದ ಹೊಳೆಯನ್ನು ಜೀವಮಾನದಲ್ಲಿ ಕಂಡವರಲ್ಲ. ಮಧ್ಯರಂಗನನ್ನೂ ನೀರು ಬೀಳುವುದನ್ನೂ ನೋಡಬೇಕೆಂಬುದೊಂದೇ ಅವರ ಕೋರಿಕೆ. ಮೇ ತಿಂಗಳು, ಶಾಲೆಗಳಿಗೆ ರಜೆ. ನಮ್ಮ ಕಡೆ ಎರಡು ಮೂರು ಒಳ್ಳೆಯ ಮಳೆಯಾಗಿ ಬಿತ್ತನೆಯೂ ಮುಗಿದಿತ್ತು. ಕೆರೆಯಲ್ಲಿ ನೀರು ಕಂಡಿತು. ಹೊಳೆಯಲ್ಲಿ ಕೇಳಬೇಕೆ ಎಂದುಕೊಂಡು ಅವರನ್ನು ಕರೆದುಕೊಂಡು ಹೊರಟೆ. ಭರಚುಕ್ಕಿಯ ಮೇಲೆ ನಿಂತು ನೋಡಿದರೆ ಬಂಡೆ, ಬಂಡೆಯ ಪಕ್ಕದಲ್ಲಿ ಮತ್ತೊಂದು ಬಂಡೆ, ನಡುವೆ ಹಗ್ಗದಂತೆ ಇಳಿಯುತ್ತಿದ್ದ ಒಂದೆರಡು ಬಿಳಿಯ ಎಳೆ. ಹಿರಿಯಾಕೆ ಸೆರಗಿನಿಂದ ಮುಖವೊರಸಿಕೊಂಡು ಬಹಳ ಹೊತ್ತು ನೋಡಿ, "ನೀರು ಎಲ್ಗೋ ಹೋಗದ ಮೊಗ, ಬಂದ ಮ್ಯಾಲ ಬರಮ" ಎಂದರು. ಮುಂದಿನ ಶ್ರಾವಣಕ್ಕೆ ಅವರು ಇರಲಿಲ್ಲ.

ತಪ್ಪು ನನ್ನದು. ಶಿವನಸಮುದ್ರದ ನೀರನ್ನು ನಾನು ಭೀಮನಬೀಡಿನ ಆಕಾಶವನ್ನು ನೋಡಿ ಅಳೆದಿದ್ದೆ. ನಮ್ಮದು ಬೆಟ್ಟಸಾಲಿನ ಮಳೆನೆರಳಿನ ನೆಲ. ಇಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಗುಡುಗಿನ ಮಳೆ ಬಂದು, ಆಷಾಢದಲ್ಲಿ ಬರಿಯ ಗಾಳಿ ಬೀಸಿ, ಮತ್ತೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ ಕಾಣಿಸಿಕೊಳ್ಳುತ್ತದೆ. ಕಾವೇರಿಯನ್ನು ತುಂಬಿಸುವುದು ಕೊಡಗಿನ ಮಳೆ, ಕಪಿಲೆಯನ್ನು ತುಂಬಿಸುವುದು ವಯನಾಡಿನ ಮಳೆ. ಅವೆರಡೂ ಬಲಿಯುವುದು ಜೂನ್‌ನಿಂದ ಆಗಸ್ಟ್‌ವರೆಗೆ, ನಮ್ಮ ಹೊಲದಲ್ಲಿ ಧೂಳೇಳುತ್ತಿರುವಾಗ. ಜುಲೈನಲ್ಲಿ ಗುಂಡ್ಲುಪೇಟೆಯ ರಸ್ತೆಯ ಬದಿಗೆ ನಿಂತು ಕೇರಳದ ಕಡೆಯಿಂದ ಬರುವ ಲಾರಿಗಳನ್ನು ನೋಡಬೇಕು. ಅವುಗಳ ಮೇಲಿನ ಟಾರ್ಪಾಲಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ, ನಮ್ಮ ಕಾಲ ಕೆಳಗೆ ನೆಲ ಒಣಗಿದ್ದರೂ, ಕಪಿಲೆಗೆ ನೀರು ಬಂತೆಂದು ತಿಳಿಯಬಹುದು. ಮೆಡಿಟರೇನಿಯನ್ ದ್ವೀಪಗಳಲ್ಲಿ ಬೇಸಗೆ ಒಣ, ಚಳಿಗಾಲ ಮಳೆ. ಆದಕಾರಣ ಅಲ್ಲಿಯ ಕೈಪಿಡಿ ಬೇಸಗೆಯನ್ನೇ ಹೊಗಳುತ್ತದೆ. ನಮ್ಮ ದ್ವೀಪಕ್ಕೆ ಆ ಪಂಚಾಂಗವನ್ನು ತಿರುಗುಮುರುಗಾಗಿ ಓದಬೇಕು.

ಕಾಡಿನ ಮಳೆಯೊಂದೇ ಸಾಲದು. ಕಾವೇರಿಗೆ ಕೃಷ್ಣರಾಜಸಾಗರ, ಕಪಿಲೆಗೆ ಕಬಿನಿ ಜಲಾಶಯ ಅಡ್ಡಲಾಗಿವೆ. ಅವು ತುಂಬಿ ಹೊರಹರಿವು ಹೆಚ್ಚಿದ ಮೇಲೆಯೇ ಜಲಪಾತಕ್ಕೆ ಜೀವ. ಸಾಲದೆಂಬಂತೆ ಜಲಪಾತದ ಮೇಲ್ಗಡೆ ಹೊಳೆಗೆ ಕಟ್ಟೆ ಹಾಕಿ ನೀರನ್ನು ವಿದ್ಯುತ್ತಿನ ಕಾಲುವೆಗೆ ತಿರುಗಿಸಿದ್ದಾರೆ. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ 90 ಮೈಲಿಗೂ ಮಿಕ್ಕಿದ ತಂತಿಯ ಮೇಲೆ ವಿದ್ಯುತ್ತು ಹೋಯಿತು. 1905ರಲ್ಲಿ ಬೆಂಗಳೂರಿನ ದೀಪಗಳು ಹತ್ತಿದವು. ಬೇಸಗೆಯಲ್ಲಿ ಇರುವ ಅಲ್ಪ ನೀರು ಮೊದಲು ಹೋಗುವುದು ಆ ಕೊಳವೆಗಳಿಗೆ. ಹಿರಿಯಾಕೆ ಕೇಳಿದ್ದ ನೀರು ಹೋದದ್ದು ಅಲ್ಲಿಗೇ.

ಆದ್ದರಿಂದ ಮಳೆಗಾಲದಲ್ಲಿ ವೃತ್ತಪತ್ರಿಕೆ ತೆರೆದರೆ ಮೊದಲು ಜಲಾಶಯಗಳ ಮಟ್ಟದ ಪಟ್ಟಿಯನ್ನು ನೋಡಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 28 ಲೀಟರು. ಹೊರಹರಿವು ಕೆಲವು ಸಾವಿರ ಕ್ಯೂಸೆಕ್ ಇದ್ದಾಗ ಹೋಗುವುದು ಚೆನ್ನ. ಹತ್ತಾರು ಸಾವಿರವಾದರೆ ದೃಶ್ಯವೇನೋ ಭವ್ಯ, ಆದರೆ ಹರಗೋಲು ನಿಲ್ಲುತ್ತದೆ; ಕೆಳಗಿಳಿಯುವ ಮೆಟ್ಟಿಲುಗಳಿಗೂ ತಡೆ ಬೀಳಬಹುದು. ಉಪಾಧ್ಯಾಯ ಮಿತ್ರರಿಗೆ ನನ್ನ ಸಲಹೆ: ಮಕ್ಕಳ ಪ್ರವಾಸವನ್ನು ಬೇಸಗೆಯ ರಜೆಗೆ ಇಡಬೇಡಿ, ದಸರೆಯ ರಜೆಗೆ ಇಡಿ. ಆಗ ನೀರೂ ಇರುತ್ತದೆ, ಪ್ರವಾಹದ ಭಯವೂ ಬಹುಮಟ್ಟಿಗೆ ತಗ್ಗಿರುತ್ತದೆ.

ಇನ್ನು ದಾರಿ. ಚಾಮರಾಜನಗರ, ಯಳಂದೂರು, ಕೊಳ್ಳೇಗಾಲಗಳ ಮೇಲೆ ಸುಮಾರು 100 ಕಿಲೋಮೀಟರು. ಗುಂಡ್ಲುಪೇಟೆಗಾಗಲಿ ಕೊಳ್ಳೇಗಾಲಕ್ಕಾಗಲಿ ರೈಲಿಲ್ಲ. ಬಸ್ಸನ್ನು ಬದಲಿಸುವುದು ತಪ್ಪದು, ಬೆಳಕು ಹರಿಯುವ ಮೊದಲೇ ಹೊರಡಬೇಕು. ಹಿಂದಿನ ಕಾಲದಲ್ಲಿ ಇದು ರಾಜ್ಯದ ಗಡಿ ದಾಟುವ ಪ್ರಯಾಣವಾಗಿತ್ತು: 1956ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದಕ್ಕೂ ಹಿಂದೆ, ಹದಿನಾರನೆಯ ಶತಮಾನದ ಆರಂಭದಲ್ಲಿ, ನಮ್ಮ ಪಕ್ಕದ ಉಮ್ಮತ್ತೂರಿನ ಗಂಗರಾಜ ವಿಜಯನಗರಕ್ಕೆ ಎದುರು ಬಿದ್ದು ಆಶ್ರಯಿಸಿದ್ದು ಈ ದ್ವೀಪದ ಕೋಟೆಯನ್ನೇ. ಕೃಷ್ಣದೇವರಾಯ ಅದನ್ನು ಗೆದ್ದುಕೊಂಡ. ಸುತ್ತಲಿನ ನೀರು ಎಲ್ಲ ತಿಂಗಳೂ ಕಾವಲಾಗುವುದಿಲ್ಲವೆಂಬುದು ಗಂಗರಾಜನಿಗೂ ತಿಳಿದಿತ್ತೋ ಇಲ್ಲವೋ!

ಕಟ್ಟಿಕೊಂಡು ಹೋಗುವ ವಿಚಾರ. ಚಿತ್ರಾನ್ನ, ಮೊಸರನ್ನ ಸಾಕು, ಆದರೆ ಬಿಗಿಮುಚ್ಚಳದ ಡಬ್ಬಿಯಲ್ಲಿರಲಿ. ಅಲ್ಲಿಯ ಕೋತಿಗಳಿಗೆ ಎಲೆಯ ಪೊಟ್ಟಣ ಬಿಚ್ಚುವುದರಲ್ಲಿ ನಮಗಿಂತ ಕೈಚಳಕ ಹೆಚ್ಚು. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ನೀರಿಗಾಗಿಯೇ ಹೊರಟವರು ನೀರನ್ನು ಹೊತ್ತುಕೊಂಡು ಹೋಗುವುದು ವಿಚಿತ್ರವೆನಿಸಿದರೂ ಸರಿಯೆ. ಹಸಿರು ಪಾಚಿ ಕಟ್ಟಿದ ಬಂಡೆಯ ಮೇಲೆ ಸವೆದ ರಬ್ಬರು ಚಪ್ಪಲಿ ಶತ್ರುವಿಗೆ ಸಮಾನ.

ಬಹಳ ಮಂದಿ ಎಡವುವುದು ಗಗನಚುಕ್ಕಿಯ ವಿಚಾರದಲ್ಲಿ. ದ್ವೀಪದ ಒಳಗಿನಿಂದ, ದರ್ಗಾದ ಕಡೆಯಿಂದ ಹೋದರೆ ಜಲಪಾತದ ನೆತ್ತಿಗೆ ಹತ್ತಿರವಾಗುತ್ತೀರಿ. ಅಲ್ಲಿಂದ ಅದು ಪೂರ್ತಿ ಕಾಣುವುದಿಲ್ಲ, ಕಾಲು ಜಾರಿದರೆ ತಡೆಯುವುದಕ್ಕೂ ಏನಿಲ್ಲ. ಇಂಥ ಕಡೆಗಳಲ್ಲಿ ಪ್ರಾಣ ಕಳೆದುಕೊಂಡ ತರುಣರು ಒಬ್ಬಿಬ್ಬರಲ್ಲ. ಇಡಿಯ ಧಾರೆಯನ್ನು ಎದುರಿಗೆ ನಿಂತು ನೋಡುವ ಕಟ್ಟೆ ಇರುವುದು ಆಚೆ ದಡದಲ್ಲಿ, ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದ ಭಾಗದಲ್ಲಿ. ದ್ವೀಪವನ್ನು ಬಿಟ್ಟು, ಹೊಳೆ ದಾಟಿ, ಸುತ್ತಿಕೊಂಡು ಹೋಗಬೇಕು; ಅದಕ್ಕೆ ಹೊತ್ತು ಮೀಸಲಿಡಿ. ಹತ್ತಿರವೇ ಇವೆಯೆಂದು ತಲಕಾಡನ್ನೂ ಸೋಮನಾಥಪುರವನ್ನೂ ಅದೇ ದಿನಕ್ಕೆ ತುರುಕಬೇಡಿ. ಸೋಮನಾಥಪುರದ ದೇವಾಲಯ 1268ರಿಂದ ಕಾದಿದೆ, ಇನ್ನೊಂದು ರಜೆಯವರೆಗೂ ಕಾಯುತ್ತದೆ.

ದೇವಾಲಯಗಳನ್ನು ಬೆಳಗ್ಗೆಯೇ ನೋಡಿಬಿಡುವುದು ಒಳ್ಳೆಯದು. ಮಧ್ಯಾಹ್ನಕ್ಕೆ ಬಾಗಿಲು ಹಾಕಿದರೆ ರಂಗನೂ ಇಲ್ಲ, ಸೋಮೇಶ್ವರನೂ ಇಲ್ಲ. ಪಾಳುಬಿದ್ದ ಈ ಗುಡಿಗಳಿಗೆ ಮತ್ತೆ ಕಳೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ, ಜಹಗೀರುದಾರ ರಾಮಸ್ವಾಮಿ ಮೊದಲಿಯಾರರಿಂದ. ಹೊಳೆಗೆ ಕಲ್ಲುಕಂಬಗಳ ಸೇತುವೆಗಳನ್ನು ಕಟ್ಟಿಸಿದವರೂ ಅವರೇ. ಗಾರೆಯ ಕೆಲಸಕ್ಕಿಂತ ಕಲ್ಲಿನ ತೂಕವನ್ನೇ ನಂಬಿ ನಿಂತಂತೆ ಕಾಣುವ ಆ ಸಾಲುಕಂಬಗಳ ನಡುವೆ ನೀರು ನುಗ್ಗುವುದನ್ನು ನೋಡುತ್ತ ಅರ್ಧ ಗಂಟೆ ಕುಳಿತರೂ ನಷ್ಟವಿಲ್ಲ. 2018ರ ಪ್ರವಾಹದಲ್ಲಿ ವೆಲ್ಲೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ವಾಹನಗಳು ಓಡಾಡುವುದು ಪಕ್ಕದ ಹೊಸ ಸೇತುವೆಯ ಮೇಲೆ. ಹಳೆಯದನ್ನು ದಡದಿಂದಲೇ ನೋಡಿ.

ಭರಚುಕ್ಕಿಯ ಮೆಟ್ಟಿಲುಗಳನ್ನು ಇಳಿಯುವಾಗ ಹತ್ತುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ವಯಸ್ಸಾದವರಿದ್ದರೆ ಮೇಲಿನಿಂದಲೇ ತೋರಿಸಬಹುದು. ನೀರು ತುಂಬಿ ಬೀಳುವ ದಿನ ಮೇಲಿನಿಂದಲೂ ಚೆನ್ನಾಗಿಯೇ ಕಾಣುತ್ತದೆ. ಅವರಿಗಾಗಿ ಒಂದು ಹೊದಿಕೆ ಚೀಲದಲ್ಲಿರಲಿ, ತುಂತುರು ಅಷ್ಟು ಎತ್ತರಕ್ಕೂ ಬರುತ್ತದೆ. ಕೊಳ್ಳೇಗಾಲದಲ್ಲಿ ಇಳಿದಾಗಲೇ ಸಂಜೆಯ ಬಸ್ಸಿನ ವೇಳೆಯನ್ನು ವಿಚಾರಿಸಿ ಬರೆದಿಟ್ಟುಕೊಳ್ಳಿ. ಒದ್ದೆ ಬಟ್ಟೆಗೆಂದು ಬೇರೆಯ ಕೈಚೀಲವೊಂದನ್ನು ಮರೆಯದಿರಿ.